ಉಚ್ಚಂಗಪ್ಪನವರು ಕೇಳಿದ ಗ್ರಹದ ಪ್ರಶ್ನೆ

ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಲು ಸಾಧ್ಯವೇ ಎಂದು ದೊಡ್ಡ ಪಟ್ಟಣಗಳ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದ ಕಾಲದಲ್ಲಿ, ಆ ಚರ್ಚೆ ಮುಗಿಯಲೆಂದು ಕಾಯದೆ, ಶಿಕಾರಿಪುರ ಸೀಮೆಯ ಮಕ್ಕಳಿಗೆ ಅದನ್ನು ಕನ್ನಡದಲ್ಲಿಯೇ ಕಲಿಸಿ ತೋರಿಸಿದವರು ಶ್ರೀ ಉಚ್ಚಂಗಪ್ಪನವರು. ಈ ೧೯೫೯ನೆಯ ಇಸವಿಯಲ್ಲಿ ಸೊರಬದಲ್ಲಿ ಸೇವೆಯಿಂದ ನಿವೃತ್ತರಾಗುತ್ತಿರುವ ಅವರು ಹುಟ್ಟಿದ್ದು ಅಂಬ್ಲಿಗೊಳದ ಕಡೆಯ ಒಂದು ಬೇಸಾಯದ ಮನೆಯಲ್ಲಿ. ಮೈಸೂರಿನಲ್ಲಿ ಪದವಿ ಪಡೆದು ಬಂದವರು, ದೂರದ ಊರುಗಳಿಂದ ಬಂದ ಕರೆಗಳನ್ನು ವಿನಯದಿಂದ ನಿರಾಕರಿಸಿ, ಶಿಕಾರಿಪುರದ ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನದ ಉಪಾಧ್ಯಾಯರಾದರು.

ಅವರ ಉಪಕಾರಗಳನ್ನು ನೆನೆಯುವವರು ಊರೂರಿಗೂ ಇದ್ದಾರೆ. ಯಲ್ಲಪ್ಪನೆಂಬ ವಿದ್ಯಾರ್ಥಿ ವಿಷಮಶೀತ ಜ್ವರದಿಂದ ಮಳೆಗಾಲವಿಡೀ ಹಾಸಿಗೆ ಹಿಡಿದಾಗ, ಭಾನುವಾರಗಳಂದು ಸೈಕಲ್ ತುಳಿದುಕೊಂಡು ಅವನ ಹಳ್ಳಿಗೆ ಹೋಗಿ, ಹಾಸಿಗೆಯ ಪಕ್ಕದಲ್ಲಿ ಕುಳಿತು ತಪ್ಪಿದ ಪಾಠಗಳನ್ನು ಹೇಳಿ ಬಂದರು. ಆ ಯಲ್ಲಪ್ಪ ಇಂದು ಸ್ವತಃ ಉಪಾಧ್ಯಾಯ. ಆದರೆ ಉಚ್ಚಂಗಪ್ಪನವರು ಎಂಥವರೆಂಬುದು ಊರಿಗೆಲ್ಲ ತಿಳಿದದ್ದು ಒಂದು ಪದದ ಮೇಲೆ ಎದ್ದ ವಿವಾದದಲ್ಲಿ.

೧೯೫೭ರ ಅಕ್ಟೋಬರಿನಲ್ಲಿ ರಷ್ಯಾದವರು ಆಕಾಶಕ್ಕೆ ಹಾರಿಸಿದ ಉಪಗ್ರಹದ ಸುದ್ದಿ ಶಿಕಾರಿಪುರವನ್ನೂ ಮುಟ್ಟಿತು. ಉಪಗ್ರಹವೆಂದರೇನು, ಹಾಗಾದರೆ ಗ್ರಹವೆಂದರೇನು ಎಂದು ಮಕ್ಕಳು ಪೀಡಿಸತೊಡಗಿದರು. ಸಂತೋಷಗೊಂಡ ಮೇಷ್ಟ್ರು ಅರ್ಧವಾರ್ಷಿಕ ಪರೀಕ್ಷೆಯಲ್ಲಿ "ಗ್ರಹಗಳನ್ನು ಹೆಸರಿಸಿ" ಎಂಬ ಪ್ರಶ್ನೆಯಿಟ್ಟರು. ಅರ್ಧಕ್ಕರ್ಧ ತರಗತಿ ಸೂರ್ಯ, ಚಂದ್ರ, ರಾಹು, ಕೇತುಗಳನ್ನು ಸೇರಿಸಿ ನವಗ್ರಹಗಳನ್ನು ಬರೆಯಿತು. ಅವರಲ್ಲಿ ಭೂಮಿಯನ್ನು ಯಾರೂ ಬರೆಯಲಿಲ್ಲ. ಮೇಷ್ಟ್ರು ಅವರಿಗೆಲ್ಲ ಸೊನ್ನೆ ಕೊಟ್ಟರು. ಆ ಅಂಕಗಳು ತೇರ್ಗಡೆಯ ಲೆಕ್ಕಕ್ಕೆ ಸೇರುತ್ತಿದ್ದುದರಿಂದ ಪೋಷಕರು ಸಿಟ್ಟಿಗೆದ್ದರು. ಎಲ್ಲರಿಗಿಂತ ಮುಂದೆ ಬಂದವರು ಬಳ್ಳಿಗಾವಿಯ ರೈತರಾದ ಹೂವಪ್ಪನವರು. ಮಗಳು ಲೋಕಮ್ಮ ನಪಾಸಾದರೆ ಶಾಲೆ ಬಿಡಿಸುವುದೆಂದು ಅವರು ಆಗಲೇ ನಿಶ್ಚಯಿಸಿದ್ದರು.

ಆಡಳಿತ ಮಂಡಳಿಯ ಅಧ್ಯಕ್ಷರಾದ ಆನಂದಪ್ಪನವರು ಸಭೆ ಕರೆದರು. ಹೂವಪ್ಪನವರು ದನಿಯೇರಿಸದೆ ಕೇಳಿದರು: "ನಮ್ಮೂರ ಗುಡ್ಯಾಗೆ ಒಂಬತ್ತು ಗ್ರಹ ಕೂತಾವ್ರೀ. ಹುಡುಗಿ ಅವನ್ನೇ ನೋಡಿ ಬೆಳದಾಳೆ, ಅವನ್ನೇ ಬರದಾಳೆ. ಸೊನ್ನೆ ಕೊಟ್ರೆ ಹೆಂಗ್ರೀ?"

ಉಚ್ಚಂಗಪ್ಪನವರಿಗೆ ಮೊದಲು ಕೋಪ ಬಂತು. ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡು ಯೋಚಿಸಿದಾಗ, ಆ ಮನುಷ್ಯನ ಪ್ರಶ್ನೆ ನ್ಯಾಯವಾದದ್ದೆಂದು ಹೊಳೆಯಿತು. ಒಂದೇ ಪದ ಗುಡಿಯಲ್ಲಿ ಒಂದು ಅರ್ಥದಲ್ಲಿಯೂ ಪಠ್ಯದಲ್ಲಿ ಇನ್ನೊಂದು ಅರ್ಥದಲ್ಲಿಯೂ ಬಳಕೆಯಲ್ಲಿರುವಾಗ, ಯಾವ ಅರ್ಥದಲ್ಲಿ ಕೇಳುತ್ತಿದ್ದೇನೆಂದು ತಾವು ಹೇಳಿರಲಿಲ್ಲ. ಎಲ್ಲರಿಗೂ ಪಾಸಿನ ಅಂಕ ಕೊಟ್ಟು ಗಲಾಟೆ ಮುಗಿಸಿಬಿಡಿ ಎಂದು ಅಧ್ಯಕ್ಷರು ಸೂಚಿಸಿದರು.

"ಬಿಟ್ಟಿ ಅಂಕ ಕೊಡಲ್ರೀ, ಸೊನ್ನೆನೂ ಉಳಸಲ್ಲ," ಎಂದರು ಮೇಷ್ಟ್ರು. "ತಪ್ಪು ಪ್ರಶ್ನೇದು. ಸರಿಯಾಗಿ ಇನ್ನೊಂದ್ಸಲ ಕೇಳ್ತೀನಿ."

ಮರುಪರೀಕ್ಷೆಗೆ ಪೋಷಕರನ್ನೂ ಕರೆದರು. ಗ್ರಹವೆಂದರೇನೆಂದು ಮೊದಲು ಬರೆಯಬೇಕು. ಬಳಿಕ ತಾನು ಬರೆದ ಮಾತಿಗೆ ಒಪ್ಪುವವುಗಳನ್ನೆಲ್ಲ ಹೆಸರಿಸಬೇಕು. ತನ್ನ ಮಾತಿಗೆ ತಾನು ತಪ್ಪದವರಿಗೆ ಪೂರ್ಣ ಅಂಕ. ಕೆಂಪಪ್ಪನೆಂಬ ಹುಡುಗ, ಮನುಷ್ಯನ ಬದುಕನ್ನು ಹಿಡಿಯುವುದೇ ಗ್ರಹವೆಂದು ಪಂಚಾಂಗದವರು ಹೇಳುತ್ತಾರೆಂದು ಬರೆದು, ನವಗ್ರಹಗಳನ್ನು ಕ್ರಮವಾಗಿ ಹೆಸರಿಸಿದ. ಅವನಿಗೆ ಪೂರ್ಣ ಅಂಕ ಸಂದಿತು. ವಿಜ್ಞಾನದ ಮೇಷ್ಟ್ರೇ ರಾಹುವಿಗೆ ಅಂಕ ಕೊಡುವುದೇ ಎಂದು, ಈ ಸಲ ಮಂಡಳಿಯ ಓದಿದವರು ಮುಖ ಸಿಂಡರಿಸಿದರು.

ಲೋಕಮ್ಮ ಹೊಸ ಅರ್ಥವನ್ನು ಹಿಡಿದಿದ್ದಳು. ಸ್ವಂತ ಬೆಳಕಿಲ್ಲದೆ ಸೂರ್ಯನನ್ನು ಸುತ್ತುವುದು ಗ್ರಹವೆಂದು ಬರೆದು, ಬುಧನಿಂದ ಪ್ಲೂಟೋವರೆಗೆ ಭೂಮಿಯನ್ನೂ ಸೇರಿಸಿ ಹೆಸರಿಸಿ, ಕೊನೆಗೆ ಮೇಷ್ಟ್ರೇ ಒಮ್ಮೆ ಪಾಠದಲ್ಲಿ ಹೇಳಿದ್ದ ಸೀರೀಸ್ ಎಂಬ ಸಣ್ಣ ಕಾಯವನ್ನೂ ಬರೆದಿದ್ದಳು. ಅದು ಗ್ರಹಗಳ ಸಾಲಿನಲ್ಲಿ ಇಲ್ಲವಲ್ಲ ಎಂದು ಮೇಷ್ಟ್ರು ಕೇಳಿದಾಗ ಅವಳು ಎದ್ದು ನಿಂತು, "ಅದೂ ಸೂರ್ಯನ್ನೇ ಸುತ್ತತೈತಲ್ರೀ ಸಾರ್. ಸಣ್ಣದು ಅಂತ ಬಿಡೋದಾದ್ರೆ, ಎಷ್ಟು ಸಣ್ಣದು ಅಂತ ನೀವು ಹೇಳಬೇಕಾಗಿತ್ತು," ಎಂದಳು.

ಕೋಣೆಯಲ್ಲಿದ್ದವರೆಲ್ಲ ಮೇಷ್ಟ್ರ ಮುಖ ನೋಡಿದರು. ಗದರಿಸಿ ಕೂರಿಸಬಹುದಿತ್ತು, ಮುಂದೆ ಓದಿದರೆ ತಿಳಿಯುತ್ತದೆ ಎಂದು ಜಾರಿಕೊಳ್ಳಬಹುದಿತ್ತು.

"ನಾನು ಹೇಳಿಕೊಟ್ಟ ಅರ್ಥ ಸಾಲದಮ್ಮ," ಎಂದರು ಅವರು. "ಎಲ್ಲಿ ಗೆರೆ ಎಳೀಬೇಕು ಅನ್ನೋದು ನನಗೂ ಗೊತ್ತಿಲ್ಲ. ಗೊತ್ತಾಗೋವರೆಗೆ ನಿನ್ನ ಉತ್ತರ ಸರಿ."

ಮಂಡಳಿಗೆ ಇದೇ ಸಹಿಸಲಾಗದ ಮಾತಾಯಿತು. ಪೋಷಕರೆದುರು ಗೊತ್ತಿಲ್ಲವೆಂದು ಹೇಳಿ ಶಾಲೆಯ ಮಾನ ಕಳೆದರೆಂದೂ, ಮರುಪರೀಕ್ಷೆ ಅಚಾತುರ್ಯವೆಂದು ಒಪ್ಪಿ ಬರೆದುಕೊಟ್ಟು ಅಂಕಗಳನ್ನು ರದ್ದುಪಡಿಸದಿದ್ದರೆ ಮುಂದಿನ ವರ್ಷ ಕೆಲಸವಿಲ್ಲವೆಂದೂ ತಿಳಿಸಿತು. ನಿವೃತ್ತಿಯ ಹೊಸ್ತಿಲಲ್ಲಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಮನೆಗೆ ಬಂದು ಪತ್ನಿ ಮಾಸ್ತಮ್ಮನವರಿಗೆ ಹೇಳಿದಾಗ, ಆ ತಾಯಿ ಕೇಳಿದ್ದು ಮಕ್ಕಳ ಅಂಕ ಉಳಿಯುತ್ತವೆಯೇ ಎಂಬುದೊಂದನ್ನೇ. ತಾವು ಒಪ್ಪಿ ಬರೆದುಕೊಡದಿದ್ದರೆ ಉಳಿಯುತ್ತವೆ ಎಂದರು ಮೇಷ್ಟ್ರು. "ಹಾಗಾದ್ರೆ ಬರೀಬೇಡ್ರಿ," ಎಂದು ಮಾಸ್ತಮ್ಮನವರು ಒಳಗೆ ಹೋದರು. ಮೇಷ್ಟ್ರು ಬರೆಯಲಿಲ್ಲ. ಮಾರ್ಚಿನಲ್ಲಿ ಮಕ್ಕಳು ತೇರ್ಗಡೆಯಾದರು. ಮೇಷ್ಟ್ರು ಕೆಲಸ ಬಿಟ್ಟರು.

ಸೊರಬದ ಹೈಸ್ಕೂಲಿನವರು ಸಂಬಳ ಕಡಿಮೆಯೆಂದು ಸಂಕೋಚದಿಂದಲೇ ಕರೆದರು. ಅವರು ಸಂಕೋಚವಿಲ್ಲದೆ ಬಂದರು. ೧೯೫೮ರ ಜೂನ್ ತಿಂಗಳಲ್ಲಿ, ಶಾಲೆ ತೆರೆದ ವಾರದಲ್ಲಿಯೇ, ಹೂವಪ್ಪನವರು ಮಗಳ ಟ್ರಂಕು ಹೊತ್ತುಕೊಂಡು ಸೊರಬದ ಬಸ್ಸಿನಿಂದಿಳಿದರು. ಕುಬಟೂರಿನಿಂದ ಬಂದು ಸೊರಬದಲ್ಲಿ ನೆಲೆಸಿದ್ದ ತಂಗಿ ಗುತ್ಯಮ್ಮನ ಮನೆಯಲ್ಲಿ ಅವಳನ್ನಿರಿಸಿ ಶಾಲೆಗೆ ಸೇರಿಸಬೇಕೆಂದರು.

"ನಿಮ್ಮ ಗ್ರಹದ ಲೆಕ್ಕ ನಾನು ಒಪ್ಪಿಲ್ರೀ," ಎಂದರು ಹೂವಪ್ಪನವರು. "ಆದ್ರೆ ಅಷ್ಟು ಜನದ ಮುಂದೆ ಗೊತ್ತಿಲ್ಲ ಅಂದ್ರಲ್ಲ, ಅಂಥವರ ಹತ್ರ ಓದ್ಲಿ ಅಂತ ಕರ್ಕಂಡು ಬಂದೆ."

ಉಚ್ಚಂಗಪ್ಪನವರು ಟ್ರಂಕಿನ ಇನ್ನೊಂದು ಹಿಡಿಗೆ ಕೈ ಕೊಟ್ಟರು. ಈ ವರ್ಷ ಲೋಕಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾಗಿ, ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೇಟಿಗೆ ವಿಜ್ಞಾನವನ್ನೇ ಆರಿಸಿಕೊಂಡಿದ್ದಾಳೆ.

ಇಂತಹ ಗುರುವಿಗೆ ದೃಢವಾದ ಆರೋಗ್ಯವೂ ದೀರ್ಘವಾದ ಆಯುಸ್ಸೂ ಮಾಸದ ಹಟವೂ ಇರಲೆಂದು ಎರಡೂ ತಾಲ್ಲೂಕಿನ ಶಿಷ್ಯರು ಮನಸಾರೆ ಹಾರೈಸುತ್ತಾರೆ. ಬರುವ ತಿಂಗಳಿಂದ ಅವರ ಮನೆಯಲ್ಲಿ ಹಳ್ಳಿಯ ಉಪಾಧ್ಯಾಯರಿಗಾಗಿ ಕನ್ನಡದ ವಿಜ್ಞಾನ ಪದಗಳ ಪಾಠ ಆರಂಭವಾಗಲಿದೆ. ಮೊದಲ ದಿನಕ್ಕೆ ಅವರು ಆರಿಸಿಕೊಂಡ ಪದ 'ನಕ್ಷತ್ರ'. ವಾದಕ್ಕೆ ಬರುವವರಿಗೂ ಚಾಪೆ ಹಾಸಿರುವುದಾಗಿ ಮಾಸ್ತಮ್ಮನವರು ಹೇಳಿ ಕಳುಹಿಸಿದ್ದಾರೆ.