ಭದ್ರಾವತಿಗೆ ಎರಡು ಅಂಕ

ಪದವಿ ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ರೇಡಿಯೋ ಹೊತ್ತು ಊರೂರು ತಿರುಗುವುದು. ಆರು ತಿಂಗಳ ತಾತ್ಕಾಲಿಕ ಕೆಲಸ. ಮಂಗಳೂರು ಕೇಂದ್ರ ಶುರುವಾಗಿ ಒಂದೆರಡು ವರ್ಷವಾಗಿತ್ತು. ಅಲ್ಲಿಯವರೆಗೆ ನಮ್ಮ ಕಡೆ ನೆಟ್ಟಗೆ ಕೇಳುತ್ತಿದ್ದುದು ಭದ್ರಾವತಿಯೊಂದೇ. ಪಂಚಾಯ್ತಿಗಳಲ್ಲಿ ಇಟ್ಟಿದ್ದ ರೇಡಿಯೋಗಳನ್ನು ಜನ ತಿರುಗಿಸಿ ತಿರುಗಿಸಿ ಕೆಡಿಸುತ್ತಾರೆಂದು, ಒಂದೊಂದು ಊರಿನ ರೇಡಿಯೋವನ್ನು ಒಂದೊಂದೇ ಕೇಂದ್ರಕ್ಕೆ ಕೂರಿಸಿ ಸೀಲು ಹಾಕಲು ನಮ್ಮ ಕಚೇರಿ ತೀರ್ಮಾನಿಸಿತ್ತು. ಯಾವ ಊರಿನಲ್ಲಿ ಯಾವ ಕೇಂದ್ರ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ಕಿವಿಯಿಂದಲೇ ಅಳೆದು ಐದಕ್ಕೆ ಇಷ್ಟೆಂದು ಅಂಕ ಹಾಕುವುದು ನನ್ನ ಪಾಲಿಗೆ ಬಂತು.

ಕೊಪ್ಪದಲ್ಲಿ ರೂಮು ಮಾಡಿಕೊಂಡಿದ್ದೆ. ಅಳತೆಯ ದಿನ ಮೊದಲು ನರಸಿಂಹರಾಜಪುರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ, ಕಚೇರಿಯ ಟ್ರಾನ್ಸಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಶೃಂಗೇರಿಯವರೆಗೆ ಹೋಗುತ್ತಿದ್ದೆ. ಶೆಟ್ಟಿಕೊಪ್ಪದವರೆಗೂ ಭದ್ರಾವತಿ ಗಟ್ಟಿ. ಕೊಪ್ಪ ದಾಟಿದ ಮೇಲೆ ಒಂದು ತಿರುವಿನಲ್ಲಿ ನಾಲ್ಕು ಅಂಕವಿದ್ದದ್ದು ಮುಂದಿನ ತಿರುವಿನಲ್ಲಿ ಎರಡಾಗುತ್ತಿತ್ತು. ಅಷ್ಟರಲ್ಲಿ ಮುಳ್ಳು ಸರಿಸಿದರೆ ಮಂಗಳೂರು ಸ್ಪಷ್ಟ. ಬೇಗ ಸರಿಸಿದರೆ ಎರಡೂ ಇಲ್ಲ, ತಡ ಮಾಡಿದರೆ ಬರೀ ಗೊರಗೊರ. ಎಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬುದು ನಾಲ್ಕನೆಯ ಪ್ರಯಾಣಕ್ಕೆ ನನಗೆ ಬಾಯಿಪಾಠವಾಗಿತ್ತು. ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು.

ಅಡ್ಡಗದ್ದೆಯಲ್ಲಿ ಪಂಚಾಯ್ತಿ ಜಗಲಿಯ ಗೋಡೆಗೆ ಹಲಗೆ ಹೊಡೆದು ರೇಡಿಯೋ ಇಟ್ಟಿದ್ದರು. ಅದರ ಉಸ್ತುವಾರಿ ಅಲ್ಲಿನ ಜವಾನರದು. ನಾನು ಹೋದದ್ದು ಸಂಜೆ ಐದೂವರೆಗೆ. ಆಗಲೇ ಜಗಲಿಯ ತುದಿಯಲ್ಲಿ ಒಬ್ಬ ಹೆಂಗಸು ಸೆರಗು ಹೊದ್ದು ಕೂತಿದ್ದರು.

"ಟೈಲರ್ ಸಾಬರ ಹೆಂಡ್ತಿ," ಎಂದರು ಜವಾನರು. "ಇವಳ ಮಗಳು ಭದ್ರಾವತಿ ರೇಡಿಯೋದಲ್ಲಿ ಟೈಮ್ ಹೇಳ್ತಾಳೆ ಮಾರಾಯ್ರೆ. ಅವಳು ಆರು ಗಂಟೆ ಅನ್ನದಿದ್ರೆ ಇಡೀ ಅಡ್ಡಗದ್ದೆಗೆ ಕತ್ತಲೇ ಆಗೋದಿಲ್ಲ."

"ಆಗ್ತದೆ, ನೀವು ಸುಮ್ಮನಿದ್ರೆ," ಎಂದು ಆಕೆ ಅವರ ಬಾಯಿ ಮುಚ್ಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ನೀವು ಏನು ಬೇಕಾದ್ರೂ ಬರ್ಕೊಳ್ಳಿ. ಆರು ಗಂಟೆಗೆ ಮಾತ್ರ ಮುಳ್ಳು ಭದ್ರಾವತಿ ಮೇಲೆ ಇರ್ಲಿ," ಎಂದರು.

ಮಗಳು ಅಪ್ಪನ ಮಾತು ಮೀರಿ ಕೆಲಸಕ್ಕೆ ಹೋದವಳು, ಹೋದ ಮೇಲೆ ಮನೆಗೆ ಬಂದಿಲ್ಲ, ಮನೆಯಲ್ಲಿ ಅವಳ ಹೆಸರೆತ್ತುವಂತಿಲ್ಲ. ಇದನ್ನೆಲ್ಲ ಜವಾನರು ತಗ್ಗಿದ ದನಿಯಲ್ಲಿ ಹೇಳಿದರು. ತಗ್ಗಿದ ದನಿಯೂ ಆಕೆಗೆ ಕೇಳುವಷ್ಟೇ ಇತ್ತು.

ಆರು ಗಂಟೆಗೆ ಹಲಗೆಯ ಮೇಲಿನ ರೇಡಿಯೋದಲ್ಲಿ ಭದ್ರಾವತಿ ಹಾಕಿದೆ. ಗೊರಗೊರದ ಕೆಳಗೆ ಎಲ್ಲೋ ಒಂದು ಹೆಣ್ಣು ದನಿ. ಆಕೆ ಎದ್ದು ಬಂದು ಪೆಟ್ಟಿಗೆಗೆ ಕಿವಿ ಹಚ್ಚಿದರು. ಆಗ ನನಗೆ ಅನ್ನಿಸಿತು, ತೊಂದರೆ ಇರುವುದು ಪೆಟ್ಟಿಗೆ ಕೂತ ದಿಕ್ಕಿನಲ್ಲಿ. ರೇಡಿಯೋದೊಳಗೆ ದನಿ ಹಿಡಿಯುವ ಒಂದು ಕಪ್ಪು ಕಡ್ಡಿ ಇರುತ್ತದೆ. ಅದರ ತುದಿ ಕೇಂದ್ರದ ಕಡೆಗಿದ್ದರೆ ದನಿ ಕ್ಷೀಣ, ಅಡ್ಡಲಾಗಿದ್ದರೆ ಜೋರು. ಭೌತಶಾಸ್ತ್ರ ಓದಿದವಳಿಗೆ ಇದು ಗೊತ್ತಿರದ ವಿಷಯವಲ್ಲ. ಪೆಟ್ಟಿಗೆಯನ್ನು ಹಲಗೆಯ ಮೇಲೇ ಕಾಲು ಸುತ್ತು ತಿರುಗಿಸಿದೆ. ದನಿ ತಟ್ಟನೆ ಹತ್ತಿರ ಬಂತು.

"ಶೀತ ಆಗಿದೆ ಇವಳಿಗೆ," ಎಂದರು ತಾಯಿ. ನಗುತ್ತಿದ್ದರು.

ಸಮಯ ಹೇಳಿಯಾಯಿತು, ಹಾಡು ಶುರುವಾಯಿತು, ಆಕೆ ಮನೆಗೆ ಹೋದರು. ನಾನು ಪೆಟ್ಟಿಗೆಯನ್ನು ಮೊದಲಿದ್ದಂತೆಯೇ ಇಟ್ಟೆ. ರೇಡಿಯೋ ಇದ್ದ ಸ್ಥಿತಿಯಲ್ಲೇ ಅಳೆಯಬೇಕೆಂದು ಸೂಚನೆಯಲ್ಲಿ ಬರೆದಿತ್ತು. ಭದ್ರಾವತಿ ಎರಡು, ಮಂಗಳೂರು ನಾಲ್ಕು. ಯಾರು ಯಾವುದನ್ನು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂದು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆಯಬಹುದಿತ್ತು. ಅಂಚಿನಲ್ಲಿ ಬರೆದರೆ ಫಾರಮ್ಮು ಗಲೀಜಾಗುತ್ತದೆ ಎಂದು ನನಗೆ ಅನ್ನಿಸಿದ್ದು ನಿಜ. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಸೀಲುಗಳನ್ನು ನೋಡಿ ಬರಲು ಮೂರು ತಿಂಗಳ ಮೇಲೆ ಮತ್ತೆ ಹೋದೆ. ಅಡ್ಡಗದ್ದೆಯ ಮುಳ್ಳು ಮಂಗಳೂರಿನ ಮೇಲೆ ನಿಂತಿತ್ತು, ತಿರುಗಣೆಗೆ ಅರಗು ಬಿದ್ದಿತ್ತು. ದನಿ ಬಹಳ ಸ್ವಚ್ಛ. ಜಗಲಿಯಲ್ಲಿ ಆಕೆ ಇರಲಿಲ್ಲ. ಜವಾನರು ಈ ಸಲ ತಮಾಷೆ ಮಾಡಲಿಲ್ಲ. "ಸುಮಾರು ದಿನ ಬಂದು ಕೂತಳು ಮಾರಾಯ್ರೆ. ಆಮೇಲೆ ಬಿಟ್ಟಳು," ಎಂದಷ್ಟೇ ಹೇಳಿದರು.

ಬಸ್ಸಿಗೆ ಕಾಯುತ್ತಿದ್ದಾಗ ಆಕೆಯೇ ಬಂದರು. ಕೈಯಲ್ಲಿ ಗುಂಡಿ ಹಾಕಿ ಮುಗಿಯದ ಅಂಗಿ, ಸೂಜಿ ಅದರಲ್ಲೇ ಚುಚ್ಚಿತ್ತು. ನಾನು ಬಂದದ್ದು ತಿಳಿದು ಅವಸರದಲ್ಲಿ ಹೊರಟು ಬಂದಿರಬೇಕು.

"ಈಗ ರೇಡಿಯೋ ಚೆನ್ನಾಗಿ ಕೇಳ್ತದಲ್ಲ," ಎಂದು ನಾನೇ ಮೊದಲು ಮಾತಾಡಿದೆ. ಆ ಮಾತು ಯಾಕೆ ಬಂತೋ.

"ಚೆನ್ನಾಗೇ ಕೇಳ್ತದೆ. ಯಾರ್ಯಾರದೋ ದನಿ," ಎಂದರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದರು. "ಅಮ್ಮಾ, ಒಂದು ಕೇಳ್ತೇನೆ. ನಿಮ್ಮ ಪುಸ್ತಕದಲ್ಲಿ ಭದ್ರಾವತಿ ಇಲ್ಲಿ ಯಾರೂ ಕೇಳೋದಿಲ್ಲ ಅಂತ ಬರ್ದಿದ್ದಾರಾ? ಹಾಗೆ ಬರ್ದರೆ ಅವಳ ಕೆಲಸ ಹೋಗ್ತದಾ?"

ನಾನು ಆಕೆಯಿಂದ ಆಕ್ಷೇಪಣೆ ನಿರೀಕ್ಷಿಸಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ.

"ಇಲ್ಲ, ಹಾಗೆಲ್ಲ ಆಗುವುದಿಲ್ಲ," ಎಂದೆ.

"ನಿಮಗೆ ಗೊತ್ತಲ್ಲ?"

"ಗೊತ್ತು."

ನನಗೆ ಗೊತ್ತಿರಲಿಲ್ಲ. ನನ್ನ ಅಂಕಗಳು ಎಲ್ಲಿಗೆ ಹೋಗುತ್ತವೆ, ಯಾರು ಓದುತ್ತಾರೆ ಎಂದು ಒಮ್ಮೆಯೂ ಕೇಳಿದವಳಲ್ಲ. ಭದ್ರಾವತಿಗೆ ಎರಡೇ ಅಂಕ ಬರೆದವಳು ನಾನೇ ಎಂದು ಹೇಳಬಹುದಿತ್ತು. ತಿದ್ದಿ ಬರೆಯುತ್ತೇನೆ ಎಂದಾದರೂ ಹೇಳಬಹುದಿತ್ತು, ಅದಕ್ಕೆ ಇನ್ನೂ ಸಮಯವಿತ್ತು. ಬಸ್ಸು ಬಂತು. ಆಕೆಯ ಮುಖದಲ್ಲಿ ನಿರಾಳ ಕಂಡಿತು. "ಅಷ್ಟು ಸಾಕು ಬಿಡಿ. ನಾನು ಕೇಳದಿದ್ರೂ ಅವಳು ಹೇಳ್ತಾ ಇರ್ಲಿ," ಎಂದು, ನಾನು ಹತ್ತಿ ಕೂರುವವರೆಗೂ ನನ್ನ ಟ್ರಾನ್ಸಿಸ್ಟರನ್ನು ಹಿಡಿದುಕೊಂಡು ನಿಂತು, ಕಿಟಕಿಯಿಂದ ಜೋಪಾನವಾಗಿ ಕೊಟ್ಟರು.