ಎಡಗಡೆಯ ದೀಪ

ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುತ್ತೇನೆ ಎಂದು ಹೇಳಿಕೊಂಡು ತಿರುಗಿದವನು ನಾನು. ಬಿ.ಎಸ್ಸಿ. ಓದಿದ್ದೇನೆ. ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳಲ್ಲಿ ಗೀರು, ಬಿರುಕು ಇವೆಯೇ ಎಂದು ನೋಡುವುದು ನನ್ನ ಕೆಲಸ. ಊರಿನಲ್ಲಿ ಯಾರಾದರೂ ಅಲ್ಲಿ ಇಲ್ಲದವರನ್ನು ಕಂಡ ಕತೆ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ಅವರೆಲ್ಲರ ಕ್ಷಮೆ ಕೇಳಬೇಕೆನಿಸುತ್ತದೆ. ಯಾಕೆಂದರೆ ಇಲ್ಲಿ ಬರೆಯುತ್ತಿರುವುದನ್ನೂ ನಾನು ಕಣ್ಣಾರೆ ಕಂಡೆ. ನಂಬಬೇಕೋ ಬೇಡವೋ ನನಗೇ ತಿಳಿಯುತ್ತಿಲ್ಲ.

ರಫೀಕ್ ಚನ್ನಪಟ್ಟಣದಲ್ಲಿ ಬೊಂಬೆ ಮಾಡುತ್ತಿದ್ದ. ನಾನು ಬೈರಾಪಟ್ಟಣದವನು. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ನನ್ನ ಹಳೆಯ ಕಾರಿನ ಮುಂದಿನ ದೀಪಗಳ ಮೇಲಿನ ಪ್ಲಾಸ್ಟಿಕ್ ಹಳದಿಗಟ್ಟಿ ಮಬ್ಬಾಗಿತ್ತು. ಕೆಲಸ ಮುಗಿಸಿ ಬರುವಾಗ ರಸ್ತೆಯ ಗುಂಡಿ ಇದೆಯೆಂದು ಚಕ್ರ ಇಳಿದ ಮೇಲೆಯೇ ಗೊತ್ತಾಗುತ್ತಿತ್ತು. ಮೆಕ್ಯಾನಿಕ್ ಎರಡನ್ನೂ ಬದಲಾಯಿಸಿ ಎಂದ. ರಫೀಕನಿಗೆ ಹೇಳಿದಾಗ ಅವನು ನಕ್ಕುಬಿಟ್ಟ.

"ಏನ್ಲಾ, ಹೊಳಪು ಬರ್ಸಕ್ಕೆ ನಮ್ಮನ್ನ ಬುಟ್ಟು ಗ್ಯಾರೇಜಿಗೆ ಹೋಗಿದ್ಯಾ? ಭಾನ್ವಾರ ತಕಂಬಾ."

ಆ ಭಾನುವಾರ ಮಧ್ಯಾಹ್ನವಿಡೀ ನೀರು ಹಾಕಿ ಹಾಕಿ ಉಜ್ಜು ಕಾಗದದಿಂದ ತಿಕ್ಕಿದ. ಹಳದಿ ಕೊಳೆ ಇಳಿದು ಹೋಯಿತು. ಆಮೇಲೆ ಬೊಂಬೆಗೆ ಕೊನೆಯಲ್ಲಿ ಮೆರುಗು ಕೊಡುವ ತಾಳೆಗರಿಯಿಂದ ಒರೆಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಅರಗು ಬೀಳದ ಹೊರತು ಅವನ ಲೆಕ್ಕದಲ್ಲಿ ಕೆಲಸ ಮುಗಿಯುವುದಿಲ್ಲ. ಬಣ್ಣ ಬೆರೆಸದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಎರಡೂ ದೀಪಗಳಿಗೆ ಬಳಿದ. ಮಳೆಗೆ ತಡೆಯುತ್ತದೆಯೇ ಎಂದು ಕೇಳಿದೆ.

"ಮಕ್ಕಳು ಬಾಯಾಗಿಟ್ಕಂಡು ಚೀಪುದ್ರೂ ಬುಡಲ್ಲ ಕಣ್ಲಾ ನಮ್ಮ ಅರಗು. ಮಳೆ ಯಾವ ಲೆಕ್ಕ?"

ಬೊಂಬೆಯ ಮೇಲೆ ಅರಗು, ಲೇತ್ ಯಂತ್ರದಲ್ಲಿ ಮರ ಗರಗರ ತಿರುಗುವ ಬಿಸಿಗೆ ಕರಗಿ ಅಂಟುತ್ತದೆ. ಇಲ್ಲಿ ಬರೀ ಬಳಿದದ್ದು. ಒಳಗಿನಿಂದ ದೀಪದ ಕಾವು, ಹೊರಗಿನಿಂದ ಸೋನೆಮಳೆ. ಮೂರು ವಾರಕ್ಕೆ ಎರಡೂ ದೀಪ ಬೆಳ್ಳಗೆ ಬೂದಿ ಬಳಿದಂತಾದವು, ಮೊದಲಿಗಿಂತ ಕಡೆ. ನನಗೆ ದಿನವೂ ಕಾಣುತ್ತಿತ್ತು. ಅವನು ನೊಂದುಕೊಂಡಾನೆಂದು ಹೇಳಲಿಲ್ಲ.

ಮಾಗಡಿ ಕಡೆಯ ಕಲ್ಯದಲ್ಲಿ ರೈತರೊಬ್ಬರ ಬದುವಿನ ಹಾಲೆ ಮರ ಉರುಳಿತ್ತು. ಬೊಂಬೆಗೆ ಅದೇ ಮರ ಆಗಬೇಕು. ನೋಡಿ ಬರಲು ಒಂದು ಮಧ್ಯಾಹ್ನ ಇಬ್ಬರೂ ಹೊರಟೆವು. ಕಾರಿನ ಮುಂದೆ ನಿಂತು ರಫೀಕ್ ದೀಪ ನೋಡಿದ. ಒಳಗೆ ಹೋಗಿ ಸ್ಪಿರಿಟ್ ಬಾಟಲಿ, ಬಟ್ಟೆ ತಂದು ಚೀಲಕ್ಕೆ ಹಾಕಿಕೊಂಡ. "ಅಲ್ಲೋಗಿ ಒರುಸ್ತೀನಿ, ನಡಿ," ಎಂದ. ಅಲ್ಲಿ ಮರ ನೋಡಿ, ಮಾತು ಮುಗಿಸಿ, ಕಾಫಿ ಕುಡಿಯುವಷ್ಟರಲ್ಲಿ ಇಬ್ಬರಿಗೂ ದೀಪದ ವಿಷಯ ಮರೆತೇ ಹೋಯಿತು.

ಹಿಂತಿರುಗುವಾಗ ಏಳು ಗಂಟೆ, ಸೋನೆ ಹಿಡಿದಿತ್ತು. ಒಂದು ತಿರುವಿನ ಬಳಿ ರಸ್ತೆಯ ಅಂಚೇ ಕಾಣದೆ ಎಡಕ್ಕೆ ಒತ್ತಿ ನಿಲ್ಲಿಸಿದೆ. ರಫೀಕ್ ಇಳಿದ.

"ದೀಪ ಆರುಸ್ಬೇಡ. ಬಿಸಿ ಇದ್ರೆ ಅರಗು ಸಲೀಸಾಗಿ ಬತ್ತದೆ. ಒಂದೊಂದಕ್ಕೂ ಹತ್ತು ನಿಮಿಷ, ಅಷ್ಟೆ."

ಅವನು ಎಡಗಡೆಯ ದೀಪದ ಹತ್ತಿರ ಬಾಗಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೇ, ನನ್ ಕಡೇದು ಮೊದ್ಲು ಒರ್ಸ್ಲಾ," ಎಂದೆ.

"ಆಗ್ಲಿ ಸಾಹೇಬ್ರೆ," ಎಂದು ನಕ್ಕು ಬಲಗಡೆಗೆ ಬಂದ. ಬಲಗಡೆ ಎಂದರೆ ರಸ್ತೆಯ ಕಡೆ.

ಎರಡು ನಿಮಿಷವೂ ಆಗಿರಲಿಲ್ಲ. ಎದುರಿನಿಂದ ಒಂದು ಗೂಡ್ಸ್ ಗಾಡಿ ತಿರುವಿನಲ್ಲಿ ನಮ್ಮ ಬದಿಗೇ ನುಗ್ಗಿತು. ಹಾರ್ನ್ ಒತ್ತಿದೆ. ಆಗ ಕಂಡದ್ದು ಇದು: ರಫೀಕ್ ಎಡಗಡೆಯ ದೀಪದ ಮುಂದೆ ಕೂತಿದ್ದ. ಬಾನೆಟ್ಟಿನ ಆಚೆ ಅವನ ತಲೆ, ಹೆಗಲು, ಒರೆಸುವ ಕೈ. ಆ ಕಡೆಯ ಬೆಳಕು ಹುಣಸೆಮರವೊಂದರ ಬುಡದವರೆಗೂ ಸ್ವಚ್ಛವಾಗಿ ಬಿದ್ದಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಸದ್ಯ, ಆ ಕಡೆ ಇದ್ದಾನಲ್ಲ ಎಂದು ನಾನು ಉಸಿರು ಬಿಟ್ಟೆ. ಗಾಡಿ ನನ್ನ ಬಾಗಿಲ ಪಕ್ಕದಲ್ಲೇ ಹಾದು ಹೋಯಿತು, ನಿಲ್ಲಲಿಲ್ಲ. ಕಾರಿಗೆ ಒಂದು ಗೀರೂ ಆಗಲಿಲ್ಲ.

ಮತ್ತೆ ಎಡಕ್ಕೆ ನೋಡಿದರೆ ಅಲ್ಲಿ ಯಾರೂ ಇಲ್ಲ. ಇಳಿದೆ. ರಫೀಕ್ ಬಲಗಡೆ, ರಸ್ತೆಯ ಮೇಲೆ, ಕಾರಿನಿಂದ ಹತ್ತಡಿ ಹಿಂದೆ ಬಿದ್ದಿದ್ದ. ಬಟ್ಟೆ ಕೈಯಲ್ಲೇ ಇತ್ತು.

ಹೇಗೆ ಎತ್ತಿದೆನೋ ನೆನಪಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ರಾಮನಗರದ ಆಸ್ಪತ್ರೆಗೆ ಓಡಿಸಿದೆ. ಉದ್ದಕ್ಕೂ ಎಡಗಡೆಯ ಬೆಳಕೊಂದೇ ದಾರಿ ತೋರಿಸಿತು. ಆದರೂ ಅವನು ಉಳಿಯಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಕಾರಿನ ಮುಂದೆ ನಿಂತಾಗ ನೋಡಿದೆ. ಬಲಗಡೆಯ ದೀಪದಲ್ಲಿ ಅಂಗೈಯಗಲ ಮಾತ್ರ ಅರಗು ಹೋಗಿತ್ತು. ಎಡಗಡೆಯದು ಪೂರಾ ಸ್ವಚ್ಛ. ಮಾರನೆಯ ದಿನ ಕಾರ್ಖಾನೆಯಲ್ಲಿ ನೋಡುವಂತೆ ಟಾರ್ಚು ಹಿಡಿದು, ಉಗುರಿನಿಂದ ಕೆರೆದು ಪರೀಕ್ಷಿಸಿದೆ. ಮೂಲೆಯಲ್ಲೂ ಅರಗಿನ ಗುರುತಿರಲಿಲ್ಲ.

ಆಘಾತದಲ್ಲಿ ನಿನ್ನ ನೆನಪು ಹಿಂದುಮುಂದಾಗಿದೆ, ಎಡಗಡೆಯದನ್ನು ಮುಗಿಸಿಯೇ ಅವನು ಬಲಕ್ಕೆ ಬಂದಿರಬೇಕು ಎನ್ನುತ್ತಾರೆ ಗೆಳೆಯರು. ಇರಬಹುದು. ಹಾಗಿದ್ದರೆ ನಾನು ಅವನನ್ನು ರಸ್ತೆಯ ಕಡೆಗೆ ಕರೆಯಲೇ ಇಲ್ಲವೆಂದಾಯಿತು. ಅದನ್ನು ನಂಬಲು ನನಗೆ ಎಷ್ಟು ಆಸೆಯೆಂದರೆ, ಆ ಆಸೆಯ ಮೇಲೆಯೇ ಅನುಮಾನ. 'ಆಗ್ಲಿ ಸಾಹೇಬ್ರೆ' ಎಂದು ಅವನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಈಗಲೂ ಕಣ್ಣು ಮುಚ್ಚಿದರೆ ಗಾಡಿ ಬರುತ್ತದೆ, ಅವನು ಎಡಗಡೆ ತಲೆಯೆತ್ತುತ್ತಾನೆ, ನಾನು ಉಸಿರು ಬಿಡುತ್ತೇನೆ.

ನಲವತ್ತನೆಯ ದಿನದ ಊಟಕ್ಕೆ ಹೋಗಿದ್ದೆ. ಎಲ್ಲರೂ ಎದ್ದ ಮೇಲೆ ಅವನ ಹೆಂಡತಿ ಮುಬೀನಾ ಬಾಗಿಲ ಬಳಿ ಬಂದು ಕೇಳಿದರು: "ಅಣ್ಣ, ಗಾಡಿ ಬರೋವಾಗ ಅವ್ರು ಯಾವ ಕಡೆ ಕೂತಿದ್ರು?"

"ಎಡಗಡೆ," ಎಂದೆ. ಕಂಡದ್ದನ್ನೇ ಹೇಳಿದೆ.

"ಗಾಡಿ ಬಂದಿದ್ದು ಬಲಗಡೆ ಅಂತ ಮೊದ್ಲು ನೀವೇ ಅಂದ್ರಲ್ಲ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಲಗಡೆಗೆ ಕರೆದವನು ನಾನು ಎಂಬ ಮಾತು ಬಾಯಿಯವರೆಗೆ ಬಂತು. ಎರಡು ವರ್ಷವಾಯಿತು, ಇನ್ನೂ ಅಲ್ಲೇ ಇದೆ.