ಕಣ್ಣಿರುವ ಪೆಟ್ಟಿಗೆ

ಸಾವೆಲಿನಾ ಹನ್ನೆರಡು ವರ್ಷದವಳಾಗಿದ್ದಾಗ ನನ್ನ ತರಗತಿಗೆ ಬಂದಳು. ನುಕುನೊನು ದ್ವೀಪದಿಂದ ಹಡಗೇರಿ ಪೊರಿರುವಾ ಪಟ್ಟಣಕ್ಕೆ ಬಂದ ಆ ಸಂಸಾರಕ್ಕೆ ಅದು ಮೊದಲ ಚಳಿಗಾಲ. ಯಾರದೋ ದೊಡ್ಡ ಕೋಟು ತೊಟ್ಟ ಹುಡುಗಿ ಕಿಟಕಿಯ ಪಕ್ಕದಲ್ಲೇ ಕೂರುವೆನೆಂದು ಹಟ ಹಿಡಿದಿದ್ದಳು.

"ಹಡಗು ಬಂದ್ರೆ ಕಾಣ್ಬೇಕಲ್ಲ ಟೀಚರ್, ನಮ್ಮಕ್ಕ ಬರ್ತಾಳೆ" ಎಂದಿದ್ದಳು.

ಅಕ್ಕ ಅಟೆಲಾ ಅಜ್ಜಿಯ ಕೈಯಲ್ಲಿ ಬೆಳೆದವಳು. ಅಜ್ಜಿಯನ್ನು ಬಿಟ್ಟು ಬರಲಾರದೆ ಹದಿನೈದರ ವಯಸ್ಸಿನಲ್ಲಿ ದ್ವೀಪದಲ್ಲೇ ಉಳಿದಿದ್ದಳು. ಮುಂದಿನ ಹಡಗಿಗೆ ಬರುತ್ತಾಳೆ ಎಂದು ತಾಯಿ ಲೋಸಾ ಎಲ್ಲರಿಗೂ ಹೇಳುತ್ತಿದ್ದರು. ಅಜ್ಜಿ ತೀರಿಕೊಂಡರು, ಅಟೆಲಾಳಿಗೆ ಮದುವೆಯಾಯಿತು, ಮಕ್ಕಳಾದವು. ಆ ಮುಂದಿನ ಹಡಗು ಬರಲೇ ಇಲ್ಲ.

ಸಾವೆಲಿನಾ ಬೆಳೆದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಮಗಳನ್ನು ಓದಿಸಿದಳು. ನಮ್ಮ ಬೀದಿಯಲ್ಲೇ ಮನೆಯಾದ್ದರಿಂದ ನಾನು ನಿವೃತ್ತಳಾದ ಮೇಲೂ ಬಂದು ಹೋಗುತ್ತಿದ್ದಳು. ದ್ವೀಪಕ್ಕೆ ದೂರವಾಣಿ ಬಂದ ಮೇಲೆ ಅಟೆಲಾಳ ದನಿ ಆಗಾಗ ಕೇಳಿಸುತ್ತಿತ್ತು. ಲೋಸಾ ಕಣ್ಣು ಮುಚ್ಚಿಕೊಂಡು ಮಾತನಾಡುತ್ತಿದ್ದರು.

"ದನಿ ಏನೋ ಮುದುಕಿಯದ್ದು. ಮುಖ ಮಾತ್ರ ಆ ಹದಿನೈದರದ್ದೇ ಬರುತ್ತಲ್ಲ ಟೀಚರ್, ಏನ್ಮಾಡ್ಲಿ?" ಎಂದು ಒಮ್ಮೆ ನನ್ನನ್ನು ಕೇಳಿದರು. ಅವರ ಮಂಡಿಗಳು ಹಡಗಿನ ಏಣಿ ಹತ್ತುವಂತಿರಲಿಲ್ಲ.

ಐವತ್ತು ದಾಟಿದ ಮೇಲೆ ಸಾವೆಲಿನಾಳಿಗೆ ಊರಿಗೆ ಹೋಗುವ ಯೋಗ ಕೂಡಿಬಂತು. ಸುದ್ದಿ ಇಲ್ಲಿನ ದ್ವೀಪದವರು ಸೇರುವ ನಮ್ಮ ಸಭಾಭವನ ಮುಟ್ಟಿದ್ದೇ ತಡ, ಎಲ್ಲ ಮನೆಗಳವರೂ ಮುಗಿಬಿದ್ದರು. ಒಬ್ಬರಿಗೆ ತಮ್ಮನ ಫೋಟೋ ಬೇಕು, ಒಬ್ಬರಿಗೆ ತಂದೆಯ ಸಮಾಧಿಯದು, ಇನ್ನೊಬ್ಬರಿಗೆ ಹಿತ್ತಲಿನ ಹಲಸಿನಂಥ ಆ ಬ್ರೆಡ್ ಹಣ್ಣಿನ ಮರದ್ದು. ಫೋನಿನಲ್ಲೇ ಫೋಟೋ ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ. ಮಗಳ ಕ್ಯಾಮೆರಾದ ಕಾರ್ಡು ಒಂದೆರಡು ದಿನಕ್ಕೇ ತುಂಬುವಂಥದು. ಕಂಪ್ಯೂಟರ್ ಹೊತ್ತು ಹಡಗಿನ ಡೆಕ್ಕಿನ ಮೇಲೆ ಮಲಗಿ ಹೋಗುವುದು ಆಗದ ಮಾತು. ಕಾರ್ಡಿನಲ್ಲಿರುವುದನ್ನು ಸುರಿದಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆಂದು ಕೇಳಿ ನಾವಿಬ್ಬರೂ ಅಂಗಡಿಗೆ ಹೋದೆವು. ಅಲ್ಲಿ ಎರಡು ಬಗೆಯವು ಇದ್ದವು. ಒಂದಕ್ಕೆ ಹೊಟ್ಟೆ ದೊಡ್ಡದು, ಚಾರ್ಜು ಬಹಳ ಹೊತ್ತು ನಿಲ್ಲುತ್ತದೆ; ಆದರೆ ಪರದೆಯಿಲ್ಲ. ಫೋಟೋಗಳು ಸೇರಿದವೆಂಬುದಕ್ಕೆ ಹಸಿರು ದೀಪವಷ್ಟೇ ಸಾಕ್ಷಿ. ಇನ್ನೊಂದಕ್ಕೆ ಅಂಗೈಯಗಲದ ಪರದೆಯಿದೆ. ಆದರೆ ಹಿಡಿಸುವುದು ಕಡಿಮೆ, ಚಾರ್ಜನ್ನು ನೀರಿನಂತೆ ಕುಡಿಯುತ್ತದೆ.

ಪೆಟ್ಟಿಗೆ ಎಲ್ಲರ ಕಾಣಿಕೆಯಿಂದ ಬರುವಂಥದು. ಆದ್ದರಿಂದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಭವನದಲ್ಲಿ ಚರ್ಚೆಗೆ ಬಂತು. ಹಿರಿಯರಾದ ಪೆಯಾಟೊ ಮಾವ ಮೊದಲು ಬಾಯಿ ತೆರೆದರು.

"ಕಣ್ಣಿಲ್ಲದ್ದೇ ಸಾಕು. ಮೀನು ತುಂಬೋ ಬುಟ್ಟಿಗೆ ಕಿಟಕಿ ಯಾಕೆ?"

"ಒಳಗೆ ಸೇರ್ತೋ ಇಲ್ವೋ ನೋಡ್ದೆ ಕಾರ್ಡ್ ಅಳ್ಸೋದು ಹೇಗೆ ಮಾವ?" ಎಂದಳು ಸಾವೆಲಿನಾ.

"ಹಸಿರು ದೀಪ ಹತ್ತತ್ತಂತಲ್ಲ, ನಂಬಬೇಕಮ್ಮ! ನಿನ್ನ ಗಂಡ ಸಂಬಳ ತಂದ್ನೋ ಇಲ್ವೋ ಅಂತ ಜೇಬಿಗೆ ಕೈ ಹಾಕಿ ನೋಡ್ತಿದ್ಯಾ?"

"ಪ್ರತಿ ಶುಕ್ರವಾರ ನೋಡ್ತಿದ್ದೆ!"

ಭವನವೆಲ್ಲ ನಕ್ಕಿತು. ಆದರೂ ದೊಡ್ಡ ಹೊಟ್ಟೆಯದೇ ಆಗಲಿ ಎಂಬ ಕಡೆಗೆ ಮಾತು ವಾಲುತ್ತಿತ್ತು. ಹೆಚ್ಚು ಫೋಟೋ ಯಾರಿಗೆ ಬೇಡ? ಆಗ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದ ಲೋಸಾ ಕೇಳಿದರು:

"ಖಾಲಿ ಪೆಟ್ಟಿಗೆ ಹೊತ್ಕೊಂಡು ಊರಿಗೆ ಹೋಗ್ತಾಳಾ ನನ್ನ ಮಗಳು?"

ಇಲ್ಲಿಂದ ಊರಿಗೆ ಹೊರಡುವ ಮಂಜುಗಡ್ಡೆಯ ಪೆಟ್ಟಿಗೆ ಕೋಳಿ, ಉಪ್ಪುಮಾಂಸ ತುಂಬಿಕೊಂಡು ಹೋಗುತ್ತದೆ, ಮೀನು ತುಂಬಿಕೊಂಡು ಬರುತ್ತದೆ. ಖಾಲಿ ಪೆಟ್ಟಿಗೆ ಕಳಿಸಿದ ಮನೆ ನಮ್ಮಲ್ಲಿ ಇಲ್ಲ.

"ನಿಮ್ಗೆಲ್ಲ ಅವರ ಮುಖ ಬೇಕು. ಅವರಿಗೆ ನಿಮ್ಮ ಮುಖ ಬೇಡ್ವಾ? ಆ ಕುರುಡು ಪೆಟ್ಟಿಗೆ ತಗೊಂಡ್ಹೋಗಿ ನಮ್ಮ ಅಟೆಲಾಗೆ ಏನು ತೋರಿಸ್ತಾಳೆ, ಹಸಿರು ದೀಪಾನಾ?"

ಪೆಯಾಟೊ ಮಾವ ತಲೆ ಕೆರೆದುಕೊಂಡರು. "ಸರಿ ಕಣಮ್ಮ, ಕಣ್ಣಿರೋದೇ ತಗೊಳ್ಳಿ. ಜಾಗ ಕಡಿಮೆ ಅಂದ್ರೆ ಇನಾತಿ ಮಾಡಿದ್ರಾಯ್ತು."

ಇನಾತಿ ಎಂದರೆ ಸಮಪಾಲು. ಕಡಲಿಂದ ಬಂದ ಮೀನನ್ನು ದಡದಲ್ಲಿ ರಾಶಿ ಹಾಕಿ, ಹಸುಗೂಸಿನಿಂದ ಹಣ್ಣುಮುದುಕರವರೆಗೆ ಒಂದೇ ಪಾಲು ಹಂಚುವ ಪದ್ಧತಿ. ಫೋಟೋಗಳನ್ನೂ ಹಾಗೆಯೇ ಮನೆಮನೆಗೆ ಸಮನಾಗಿ ಹಂಚುವುದೆಂದಾಯಿತು.

ಹೊರಡುವ ಮುನ್ನ ಪೆಟ್ಟಿಗೆಯೊಳಗೆ ಇಲ್ಲಿರುವ ನಮ್ಮವರೆಲ್ಲರ ಮುಖಗಳೂ ಸೇರಿದವು. ಲೋಸಾ ಚಿಪ್ಪಿನ ಹಾರ ಹಾಕಿಕೊಂಡು ಕುಳಿತರು. ಕ್ಯಾಮೆರಾ ಎತ್ತಿದೊಡನೆ ಕನ್ನಡಕ ತೆಗೆದು ಮಡಿಲಲ್ಲಿಟ್ಟರು.

"ಅಟೆಲಾ ನನ್ನ ಕನ್ನಡಕ ನೋಡಿಲ್ಲ. ಗುರುತು ಸಿಗದೆ ಹೋದೀತು."

ಪೆಯಾಟೊ ಮಾವ ತಮ್ಮ ತುಲುಮಾ ತಂದುಕೊಟ್ಟರು. ಗಾಳ, ಬೆಂಕಿಪೊಟ್ಟಣಗಳನ್ನು ನೀರು ಸೋಕದಂತೆ ದೋಣಿಯಲ್ಲಿಡುವ, ಬಿಗಿಮುಚ್ಚಳದ ಮರದ ಡಬ್ಬಿ ಅದು. "ಇದಕ್ಕೆ ಕಣ್ಣಿಲ್ಲ ನೋಡು, ಆದ್ರೆ ತೇಲುತ್ತೆ" ಎಂದರು. ಕೊಂಡ ಪೆಟ್ಟಿಗೆ ಅದರೊಳಗೆ ಹಿಡಿಸಲಿಲ್ಲ; ಆದರೂ ಸಾವೆಲಿನಾ ಡಬ್ಬಿಯನ್ನು ಜೊತೆಗೊಯ್ದಳು.

ದ್ವೀಪದ ಕಥೆಯನ್ನು ಸಾವೆಲಿನಾ ಆಮೇಲೆ ನನಗೆ ಹೇಳಿದಳು. ಸಂಜೆಯಾದರೆ ಊರೇ ಬಂದು ಆ ಅಂಗೈಯಗಲದ ಪರದೆಯ ಸುತ್ತ ಕೂರುತ್ತಿತ್ತಂತೆ. "ಅಯ್ಯೋ, ಪೆಯಾಟೊ ಇಷ್ಟು ಊದ್ಕೊಂಡಿದ್ದಾನಾ? ಇವನು ಹತ್ತಿದ್ರೆ ದೋಣಿ ಎಲ್ಲಿ ತೇಲುತ್ತೆ!" ಎಂದು ನಗುವರು, ನಗುತ್ತಲೇ ಕಣ್ಣೊರೆಸಿಕೊಳ್ಳುವರು. ಹಗಲು ತೆಗೆದ ಫೋಟೋಗಳನ್ನು ಪೆಟ್ಟಿಗೆಗೆ ಸುರಿದು, ಪರದೆಯಲ್ಲಿ ಕಂಡವೆಂದು ಖಾತ್ರಿಯಾದ ಮೇಲೆ ಅವಳು ಕಾರ್ಡನ್ನು ಅಳಿಸುತ್ತಿದ್ದಳು. ಎಲ್ಲರೂ ಎದ್ದುಹೋದ ಮೇಲೆ ಅಟೆಲಾ ಮೆಲ್ಲನೆ ಕೇಳುತ್ತಿದ್ದಳಂತೆ: "ಅಮ್ಮನ್ನ ಇನ್ನೊಂದ್ಸಲ ತೋರ್ಸೇ." ಚಾರ್ಜು ಮುಗಿದು ಪರದೆ ತಾನಾಗಿ ಕಪ್ಪಾಗುವವರೆಗೂ ನೋಡುತ್ತಿದ್ದಳು.

ಹೊರಡುವ ದಿನ ಗಂಟು ಕಟ್ಟುವಾಗ ಸಾವೆಲಿನಾಳ ಕೈಗೆ ತುಲುಮಾ ಸಿಕ್ಕಿತು. ಒಳಗೆ ಏನೂ ಇಲ್ಲ. ಮಾವ ಕೊಟ್ಟ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸುವುದುಂಟೇ? ಕ್ಯಾಮೆರಾ ಹಿಡಿದು ಓಡಿದಳು. ಮನೆಗೊಂದರಂತೆ, ಬಾಗಿಲಲ್ಲಿ ನಿಲ್ಲಿಸಿ ಒಂದೊಂದೇ ಫೋಟೋ. ಇನಾತಿಯಲ್ಲಿ ಹಂಚುವವರ ಪಾಲು ಕೊನೆಗೆ. ತಮ್ಮ ಮನೆಗೆ ಬಂದಾಗ ಅಕ್ಕ ಹೊಸ್ತಿಲಲ್ಲಿ ಪೆಟ್ಟಿಗೆ ಹಿಡಿದು ಅಮ್ಮನನ್ನು ನೋಡುತ್ತಿದ್ದಳು. ಕರೆಯಲು ಮನಸ್ಸಾಗದೆ ಹಾಗೆಯೇ ತೆಗೆದಳು. ಕಾರ್ಡು ತುಲುಮಾದೊಳಗೆ ಹೋಯಿತು.

ಹವಳದ ಬಂಡೆಸಾಲು ದಾಟಿ ಹಡಗಿನತ್ತ ಹೋಗುವಾಗ ಒಂದು ಅಲೆ ದೋಣಿಯನ್ನು ತುಂಬಿತು. ಜನರಿಗೇನೂ ಆಗಲಿಲ್ಲ. ಪೆಟ್ಟಿಗೆಯಿದ್ದ ಚೀಲ ಉಪ್ಪುನೀರಿನಲ್ಲಿ ಮುಳುಗಿ ಎದ್ದಿತು. ಆ ಪರದೆ ಮತ್ತೆ ಬೆಳಗಲಿಲ್ಲ. ಇಲ್ಲಿ ರಿಪೇರಿಯವನೂ ಕೈಚೆಲ್ಲಿಬಿಟ್ಟ.

ಸಾವೆಲಿನಾ ಭವನದಲ್ಲಿ ಎಲ್ಲರೆದುರು ತಲೆ ತಗ್ಗಿಸಿ ನಿಂತು, "ಎಲ್ಲಾ ಹೋಯ್ತು ಮಾವ, ಇದಿಷ್ಟೇ ಉಳೀತು" ಎಂದು ತುಲುಮಾ ನೀಡಿದಳು. ಮಾವ ಮುಚ್ಚಳ ತೆಗೆದು, ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡರು.

"ಎಲ್ಲರ ಮನೇದೂ ಒಂದೊಂದಿದ್ಯಾ?"

"ಇದೆ."

"ಮತ್ಯಾಕೆ ಅಳ್ತೀಯ? ಪಾಲು ಸರಿಯಾಗಿದೆ."

ಅಚ್ಚು ಹಾಕಿಸಿದ ಫೋಟೋವನ್ನು ಲೋಸಾರ ಕೈಗಿಟ್ಟಾಗ ನಾನೂ ಅಲ್ಲಿದ್ದೆ. ನರೆತ ಕೂದಲಿನ, ದಪ್ಪ ಮೈಯ ಆ ಹೆಂಗಸನ್ನು ಅವರು ಬಹಳ ಹೊತ್ತು ನೋಡಿದರು. ಹದಿನೈದರ ಮುಖವನ್ನು ಹುಡುಕುತ್ತಿದ್ದರೋ ಏನೋ.

"ಇವಳ್ಯಾಕೆ ನನ್ನ ಕಡೆ ನೋಡ್ತಿಲ್ಲ? ಕೆಳಗೆ ನೋಡ್ತಿದ್ದಾಳಲ್ಲೇ."

"ನಿನ್ನನ್ನೇ ನೋಡ್ತಿರೋದಮ್ಮ. ಅವಳ ಕೈಲಿರೋದು ನೀನು."

ಲೋಸಾ ಫೋಟೋವನ್ನು ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿಸಿ, ಅದರ ಅಡಿಗೇ ತಮ್ಮ ಚಾಪೆ ಎಳೆಸಿಕೊಂಡರು. ಆಮೇಲೆ ಎಷ್ಟೋ ಸಂಜೆಗಳಲ್ಲಿ ಅವರನ್ನು ಅಲ್ಲೇ ಕಂಡಿದ್ದೇನೆ. ಮುಖ ಮೇಲಕ್ಕೆತ್ತಿ ಕೂರುವರು. ಕನ್ನಡಕವಿಲ್ಲದೆ ಗೋಡೆಯಲ್ಲಿರುವುದು ಅವರಿಗೆ ಕಾಣುತ್ತಿರಲಿಲ್ಲ. ಆದರೂ ಕೂರುವ ಮುನ್ನ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು.